ದಾಟಿದೆ ಎಂದು ಹೇಳದವರು

ನದಿ ದಾಟಿದ ಮೇಲೆ ನಿಮ್ಮ ಮನೆಯವರು ಹಾಜರಿ ಕೂಗುತ್ತಾರೆಯೇ?

ನಮ್ಮ ಮನೆಯಲ್ಲಿ ಕೂಗುತ್ತಾರೆ. ಅದೂ ಮದರಾಸಿನ ಸಿಟಿ ಬಸ್ಸಿನಲ್ಲಿ, ಕಂಡವರೆದುರು, ಗಂಟಲು ಬಿಚ್ಚಿ.

ಅಡ್ಯಾರಿನಿಂದ ಮಂದವೆಳಿ ಕಡೆಗೆ ಬರುವ ಬಸ್ಸು ಸೇತುವೆ ಮುಗಿಸಿ ಈಚೆ ದಡದ ರಸ್ತೆಗೆ ಇಳಿಯಿತೋ ಇಲ್ಲವೋ, ಹೆಂಗಸರ ಸೀಟಿನಿಂದ ನಮ್ಮ ದೊಡ್ಡಮ್ಮನ ದನಿ ಏಳುತ್ತಿತ್ತು. (ದೊಡ್ಡಮ್ಮ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಕುಂದಾಪುರದ ಕಡೆಯವರು. ಮದರಾಸಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅವರ ಕನ್ನಡಕ್ಕೆ ಈ ಊರಿನ ಧೂಳು ಹತ್ತಿಲ್ಲ.)

ಮೊದಲು ನನ್ನ ಸರದಿ. "ಶಾರದೆ, ದಾಟಿದ್ಯಾ?"

ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವ, ಕನ್ನಡಕ ಹಾಕಿದ, ಮರ್ಯಾದಸ್ಥ ಹೆಂಗಸು. ಆದರೂ ತಲೆ ತಗ್ಗಿಸಿ ಹೇಳಬೇಕು. "ದಾಟಿದೆ ದೊಡ್ಡಮ್ಮ."

ಆಮೇಲೆ ನನ್ನ ತಮ್ಮ ರಘು. ಫುಟ್‌ಬೋರ್ಡಿನಿಂದ ಅವನ ಉತ್ತರ. ಆಮೇಲೆ ನನ್ನ ಮಗಳು ಸುಧಾ. ಅವಳದು ತಮಿಳು ಶಾಲೆ. "ವಂದಾಚ್ಚು ಪಾಟ್ಟಿ" ಎಂದು ಬಿಡುತ್ತಾಳೆ. ಬಂದಾಯ್ತು ಅಜ್ಜಿ ಅಂತ.

"ಅದೆಲ್ಲ ಆತಿಲ್ಲೆ. ಸಮಾ ಹೇಳ್."

"ದಾಟಿದೆ, ದಾಟಿದೆ!"

ಕೊನೆಗೆ ದೊಡ್ಡಪ್ಪ. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲವಲ್ಲ. ಹಾಗಾಗಿ, "ಹ್ವಾಯ್, ದಾಟಿದ್ರ್ಯಾ?"

ಗಂಡಸರ ಸೀಟಿನಿಂದ ಮೊದಲು ಒಂದು ಒಣ ಕೆಮ್ಮು. ಆಮೇಲೆ, "ದಾಟಿ ಆಯ್ತ್ ಮಾರಾಯ್ತಿ."

ಮೊದಲ ಸಲ ಇದನ್ನು ಕೇಳಿದ ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ನಿಲ್ಲಿಸಿಬಿಟ್ಟಿದ್ದ. "ಎನ್ನಮ್ಮಾ, ಇದು ಬಸ್ಸಾ, ಸ್ಕೂಲಾ? ನಾನುಂ ಪ್ರೆಸೆಂಟ್ ಸೊಲ್ಲಣುಮಾ?"

ನೀನೂ ಹೇಳಪ್ಪಾ, ತಪ್ಪೇನಿಲ್ಲ ಎಂದು ದೊಡ್ಡಮ್ಮ ತಮ್ಮ ತಮಿಳಿನಲ್ಲಿ ಹೇಳಿದರು. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮಾತ್ರ ಸೀಟಿನ ಕೆಳಗೆ ಜಾಗ ಇದೆಯೇ ಎಂದು ನೋಡುವಂತಾಯಿತು.

ಈಗ ಅದನ್ನೆಲ್ಲ ನೆನೆದರೆ ನಗು ಬರುವುದಿಲ್ಲ. ಯಾಕೆಂದು ಈ ಸಲದ ಅಂಕಣದಲ್ಲಿ ಹೇಳುತ್ತೇನೆ. ಕೇಳಿದ ಮೇಲೆ ಇವಳಿಗೂ ತಲೆ ಕೆಟ್ಟಿತು ಅಂದುಕೊಳ್ಳುವವರು ಅಂದುಕೊಳ್ಳಿ.

ಈ ಪದ್ಧತಿ ಬಂದದ್ದು ದೋಣಿಗಳ ಕಾಲದಿಂದ. ಆಗ ನಮ್ಮ ಕರಾವಳಿಯಲ್ಲಿ ಸೇತುವೆಗಳು ಎಲ್ಲಿದ್ದವು? ಒಂದು ಉಪನಯನಕ್ಕೆ ಹೋಗಿಬರಬೇಕೆಂದರೆ ಹೊಳೆ ಮೇಲೆ ಹೊಳೆ. ಮನೆಯ ಹಿರಿಯರು ಮೊದಲು ದೋಣಿಯಿಂದ ಇಳಿದು, ದಡದ ಮೇಲೆ ಗಟ್ಟಿಯಾಗಿ ನಿಂತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಮಕ್ಕಳು ಮರಿ ತಪ್ಪಿಹೋಗದಿರಲಿ ಎಂದು ಇದ್ದೀತು ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಅಜ್ಜಿ ಹೇಳುತ್ತಿದ್ದದ್ದು ಬೇರೆ. ನೀರಿನ ಮೇಲೆ ಹೋಗುವಾಗ ಮನುಷ್ಯನ ಜೀವ ಒಂದು ಹೆಜ್ಜೆ ಹಿಂದೆ ಬೀಳುತ್ತದಂತೆ. ಕರೆದರೆ ಓಡಿಬಂದು ಸೇರಿಕೊಳ್ಳುತ್ತದೆ. ಕರೆದಾಗ ಉತ್ತರ ಕೊಡದವರು ದಾಟಿಲ್ಲ. ಕಣ್ಣೆದುರು ನಿಂತಿದ್ದರೂ ದಾಟಿಲ್ಲ. ಒಬ್ಬರ ಬದಲಿಗೆ ಇನ್ನೊಬ್ಬರು ಉತ್ತರ ಕೊಡಲೇಕೂಡದು.

ಸಣ್ಣವಳಿದ್ದಾಗ ಒಮ್ಮೆ ಊರಿಗೆ ಹೋದವಳು ಯಾವುದೋ ಸಿಟ್ಟಿಗೆ ಬಾಯಿ ಬಿಗಿದುಕೊಂಡು ನಿಂತುಬಿಟ್ಟೆ. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಅಂಬಿಗನನ್ನು ಕರೆದು ನನ್ನನ್ನು ಮತ್ತೆ ದೋಣಿಯಲ್ಲಿ ಕೂರಿಸಿ ಆಚೆ ದಡಕ್ಕೆ ಕಳಿಸಿ, ಅಲ್ಲಿಂದ ವಾಪಸ್ಸು ಕರೆಸಿಕೊಂಡರು. ಎರಡನೇ ಸಲ ಕರೆದಾಗ ನಾನು ಅಳುತ್ತ "ದಾಟಿದೆ" ಅಂದೆ. ಆಗ ಎತ್ತಿಕೊಂಡರು. ಅವರ ಕೈ ನಡುಗುತ್ತಿತ್ತು.

ಆ ನಡುಕ ಯಾಕೆಂದು ಅರ್ಥವಾಗಲು ನಾನು ಇಷ್ಟು ದೊಡ್ಡವಳಾಗಬೇಕಾಯಿತು.

ದೊಡ್ಡಪ್ಪನದು ಅಡ್ಯಾರಿನಲ್ಲಿ ಒಂದು ಸಣ್ಣ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಮಕ್ಕಳಿಲ್ಲ. ರಘು ಅಲ್ಲೇ ಅವರ ಕೈಕೆಳಗೆ ಪಳಗಿದವನು. ಹೋದ ವರ್ಷ ಒಂದು ದಿನ ಊಟದ ರಶ್ಶಿನ ಹೊತ್ತಿನಲ್ಲಿ ದೊಡ್ಡಪ್ಪ ಗಲ್ಲಾದ ಮೇಲೆ ಹಾಗೇ ಎದೆ ಹಿಡಿದು ಒರಗಿದರು. ಆಸ್ಪತ್ರೆ ಇದ್ದದ್ದು ನದಿಯ ಈಚೆಗೆ. ಟ್ಯಾಕ್ಸಿ ಬಂತು. ಮುಂದೆ ರಘು. ಹಿಂದೆ ದೊಡ್ಡಮ್ಮ, ಅವರ ತೊಡೆಯ ಮೇಲೆ ದೊಡ್ಡಪ್ಪನ ತಲೆ. ಸೇತುವೆ ಹತ್ತುವಾಗ ಅವರು ನೀರು ಕೇಳಿದರಂತೆ. ಈಗ ಬಂತು, ಈಗ ಬಂತು ಎಂದು ರಘು ಸಮಾಧಾನ ಹೇಳಿದನಂತೆ.

ಸೇತುವೆ ಮುಗಿಯಿತು. ಎಷ್ಟು ವರ್ಷದ ರೂಢಿ ನೋಡಿ. ಆ ಗಾಬರಿಯಲ್ಲೂ ದೊಡ್ಡಮ್ಮನ ಬಾಯಿಂದ ತಾನಾಗಿ ಬಂತು. "ಹ್ವಾಯ್, ದಾಟಿದ್ರ್ಯಾ?"

ಉತ್ತರ ಬರಲಿಲ್ಲ.

ಡಾಕ್ಟರು ಮುಟ್ಟಿ ನೋಡಿ, ದಾರಿಯಲ್ಲೇ ಹೋಗಿದೆ ಎಂದರು. ದೊಡ್ಡಮ್ಮ ಅಳಲಿಲ್ಲ. ಸಂಜೆ ವ್ಯಾನಿನಲ್ಲಿ ದೇಹವನ್ನು ಅಡ್ಯಾರಿನ ಮನೆಗೆ ವಾಪಸ್ಸು ತರುವಾಗ ಆಚೆ ಕೊನೆಯಲ್ಲಿ ಇನ್ನೊಮ್ಮೆ ಕರೆದರು. ಆಗಲೂ ಉತ್ತರ ಬರಲಿಲ್ಲ. (ಬರುವುದಾದರೂ ಹೇಗೆ ಅನ್ನುತ್ತೀರಿ. ವ್ಯಾನಿನಲ್ಲಿದ್ದ ನಾವೂ ಅದನ್ನೇ ಅಂದುಕೊಂಡು ಕಣ್ಣೊರೆಸಿಕೊಂಡೆವು.)

ವೈಕುಂಠ ಸಮಾರಾಧನೆಯ ದಿನ ಪುರೋಹಿತರು ಸಮಾಧಾನದ ಮಾತಾಡಿದರು. "ಅಮ್ಮಾ, ಗೋದಾನವೂ ಆಯಿತು. ವೈತರಣಿ ದಾಟಿಸಿ ಆಯಿತು. ಇನ್ನು ಚಿಂತೆ ಬೇಡ."

ದೊಡ್ಡಮ್ಮ ಕೇಳಿದರು. "ವೈತರಣಿ ಕಂಡವ್ರ್ ಯಾರ್ ಭಟ್ರೇ? ಈ ಹೊಳೆ ನಾನ್ ಕಂಡಿದೆ. ಆಚೆ ಬದಿಯಗೂ ಕರ್ದೆ, ಈಚೆ ಬದಿಯಗೂ ಕರ್ದೆ. ಎರಡ್ ಕಡೆಯೂ ಹೇಳ್ಲಿಲ್ಲೆ. ಹಂಗಾರೆ ಅವ್ರ್ ಎಲ್ಲಿದ್ರ್?"

ಭಟ್ಟರು ದಕ್ಷಿಣೆ ತೆಗೆದುಕೊಂಡು ಎದ್ದರು.

ಅಂದಿನಿಂದ ದೊಡ್ಡಮ್ಮ ಸೇತುವೆ ದಾಟಲಿಲ್ಲ. ನಮ್ಮ ಮನೆಗೆ ಬರಲಿಲ್ಲ. ಪ್ರತಿ ಸಂಜೆ ಸೇತುವೆಯ ಅಡ್ಯಾರಿನ ತುದಿಗೆ ನಡೆದು ಹೋಗಿ ಕಂಬಿ ಹಿಡಿದು ನಿಲ್ಲುತ್ತಿದ್ದರು. ಲಾರಿ, ಬಸ್ಸು, ಸೈಕಲ್ಲುಗಳ ಗದ್ದಲದಲ್ಲಿ ಒಂದು ಸಲ ಕರೆಯುತ್ತಿದ್ದರು. ಮನೆಗೆ ಬರುತ್ತಿದ್ದರು. ಅಷ್ಟೇ. ಒಂದು ದಿನ ರಘುವಿಗೆ ಹೇಳಿದರಂತೆ, "ಉತ್ತರ ಇಲ್ಲೆ ಮಾಣಿ. ಆರೆ ಕೆಮ್ಮ್ ಕೇಂತಿತ್ತ್." ಕೆಮ್ಮು ಮಾತ್ರ ಕೇಳಿಸುತ್ತದೆ ಅಂತ.

ನೆಂಟರ ನಡುವೆ ಗುಸುಗುಸು ಶುರುವಾಯಿತು. ಮುದುಕಿಗೆ ಬುದ್ಧಿ ಜಾರಿದೆ, ತಲೆ ಡಾಕ್ಟರಿಗೆ ತೋರಿಸಿ, ಇನ್ನೂ ಮುಂದುವರಿದರೆ ಅಡ್ಮಿಟ್ ಮಾಡಿ. ಸಲಹೆ ಕೊಡಲು ಬಸ್ ಚಾರ್ಜು ಕೊಡಬೇಕೇ?

ಅಷ್ಟರಲ್ಲಿ ಕಟ್ಟಡದ ಮಾಲೀಕರು ಅದನ್ನು ಒಡೆದು ಫ್ಲ್ಯಾಟು ಕಟ್ಟಿಸುತ್ತೇವೆ, ಖಾಲಿ ಮಾಡಿಕೊಡಿ ಎಂದರು. ದೊಡ್ಡಮ್ಮ ಎಲ್ಲಿ ಹೋಗಬೇಕು? ನಮ್ಮ ಮನೆಗೇ ಬರಬೇಕು. ನಮ್ಮ ಮನೆ ಇರುವುದು ಮಂದವೆಳಿಯಲ್ಲಿ. ನಡುವೆ ಸೇತುವೆ.

"ಅವ್ರನ್ನ್ ಬಿಟ್ಟಿಕ್ ನಾನ್ ಬತ್ತಿಲ್ಲೆ ಹೆಣೆ," ಎಂದರು. ಹಟದ ದನಿಯಲ್ಲ. ಬೆಂಕಿ ಮುಟ್ಟಿದರೆ ಸುಡುತ್ತದೆ ಎನ್ನುವ ದನಿ.

ಎತ್ತಿಕೊಂಡು ಹೋಗಲು ಅವರು ಅಕ್ಕಿ ಮೂಟೆಯೇ? ಬಲವಂತ ಮಾಡಿ ಟ್ಯಾಕ್ಸಿಗೆ ಹಾಕಿದರೆ, ಸೇತುವೆಯ ನಡುವೆ ಬಾಗಿಲು ತೆಗೆದುಬಿಟ್ಟರೆ? ನಾನು ರಾತ್ರಿಯೆಲ್ಲ ಹೊರಳಾಡಿ ಒಂದು ಪ್ಲ್ಯಾನು ಮಾಡಿದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ.

ನಮ್ಮ ರಘು ಒಳ್ಳೆಯ ಅನುಕರಣೆಗಾರ. ಮದುವೆ ಮನೆಗಳಲ್ಲಿ ಊಟ ಆದ ಮೇಲೆ ಎಲ್ಲರೂ ಸುತ್ತ ಕೂರಿಸಿಕೊಂಡು "ದೊಡ್ಡಪ್ಪನ ಹಾಗೆ ಮಾತಾಡೋ" ಅನ್ನುತ್ತಿದ್ದರು. ಆ ಕೆಮ್ಮು, ಆ ಎಳೆತ, ಎಲ್ಲ ತದ್ರೂಪು. ದೊಡ್ಡಪ್ಪನೇ ಮುಂದೆ ಕೂತು ನಗುತ್ತಿದ್ದರು.

"ನೀನು ಸ್ವಲ್ಪ ಹಿಂದೆ ಬಾ," ಎಂದೆ ಅವನಿಗೆ. "ಬೀಗದ ಕೈ ಕೊಡೋದಿತ್ತು ಅಂತ ನೆಪ ಹೇಳಿ ಹಿಂದೆ ಉಳಿ. ದೊಡ್ಡಮ್ಮ ಕೊನೆಯಲ್ಲಿ ನಿಂತು ಕರೆದಾಗ ಕತ್ತಲಲ್ಲಿ ನೀನು ಉತ್ತರ ಕೊಡು."

"ಅಕ್ಕಾ, ಒಬ್ಬರ ಬದಲು ಇನ್ನೊಬ್ಬರು ಹೇಳಬಾರದಲ್ವಾ?"

"ದೊಡ್ಡಮ್ಮನ್ನ ಆಸ್ಪತ್ರೆಗೆ ಸೇರಿಸೋದು ವಾಸಿನಾ?"

ಅವನು ಒಪ್ಪಿದ. ದೊಡ್ಡಮ್ಮನಿಗೂ ಹೇಳಿದೆ. ನಾವೆಲ್ಲ ಸೇರಿ ನಡೆದು ದಾಟೋಣ, ಕೊನೆಯಲ್ಲಿ ನೀವು ಕರೆಯಿರಿ, ಉತ್ತರ ಬಂದರೆ ಮನೆಗೆ ಹೋಗೋಣ, ಬರದಿದ್ದರೆ ಹಿಂದಿರುಗೋಣ ಎಂದೆ. ದೊಡ್ಡಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಅಕ್ಕ್," ಎಂದರು. ಆಗಲಿ ಅಂತ.

ಹೋದ ತಿಂಗಳು ಒಂದು ಭಾನುವಾರ ಹೊರಟೆವು. ಸಾಮಾನೆಲ್ಲ ಬೆಳಿಗ್ಗೆಯೇ ಮೂರು ಚಕ್ರದ ಮೀನ್‌ಬಾಡಿ ಗಾಡಿಯಲ್ಲಿ ಹೋಗಿತ್ತು. (ದೇವರ ಪೆಟ್ಟಿಗೆ ಮೀನ್‌ಬಾಡಿಯಲ್ಲಿ! ಗಾಡಿಯವನು, "ಪೇರುದಾನ್ ಮೀನ್ ಅಮ್ಮಾ, ವಾಸನೆ ಇಲ್ಲೆ" ಎಂದು, ಹೆಸರಷ್ಟೇ ಮೀನು ಎಂದು, ಆಣೆ ಇಟ್ಟ ಮೇಲೆ ದೊಡ್ಡಮ್ಮ ಬಿಟ್ಟರು.) ನಾಲ್ಕಕ್ಕೇ ಹೊರಡೋಣ ಎಂದರೆ ರಾಹುಕಾಲ ಹತ್ತಿರ ಬಂತು ಎಂದರು. ಭಾನುವಾರದ ರಾಹುಕಾಲ ಮುಗಿಯುವುದು ಆರಕ್ಕೆ. ಹಾಗಾಗಿ ನಾವು ಸೇತುವೆಗೆ ಬರುವಾಗ ಮೂರುಸಂಜೆ.

ಮದರಾಸಿನ ಭಾನುವಾರದ ಸಂಜೆ ನಿಮಗೆ ಗೊತ್ತಲ್ಲ. ಟೀವಿಯಲ್ಲಿ ಸಿನಿಮಾ. ಇಡೀ ಊರು ಯಾರದಾದರೂ ಮನೆಯ ಟೀವಿ ಮುಂದೆ ಕೂತಿರುತ್ತದೆ. ನನ್ನ ಮಗಳೂ ಎದುರುಮನೆಯಲ್ಲಿ ನೆಲದ ಮೇಲೆ ಜಾಗ ಹಿಡಿದಿದ್ದಳು. ರಸ್ತೆಗಳು ಕರ್ಫ್ಯೂ ಹಾಕಿದ ಹಾಗೆ. ಆದರೂ ಅಷ್ಟು ದೊಡ್ಡ ಸೇತುವೆ ಅಷ್ಟು ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಬಸ್ಸು ಎದುರಿನಿಂದ ಬಂದು ಹೋಯಿತು. ಆಮೇಲೆ ಏನೂ ಇಲ್ಲ.

ಎಡಗಡೆ ನದಿ ಕಪ್ಪಗೆ ಹರಡಿಕೊಂಡಿತ್ತು. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿ ಹಳೆಯ ಸೇತುವೆ. ಹೊಸದು ಬಂದ ಮೇಲೆ ವಾಹನಗಳಿಲ್ಲದೆ ಸುಮ್ಮನೆ ನಿಂತಿರುವ ಸೇತುವೆ. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದೇನೆ. ಅಂದು ನಡೆಯುವಾಗ ಮಾತ್ರ ಅದೂ ನಮ್ಮ ಜೊತೆಗೇ ಬರುತ್ತಿದೆ ಅನ್ನಿಸಿತು. ನಮ್ಮ ಚಪ್ಪಲಿಯ ಸದ್ದು ಅಲ್ಲಿಗೆ ಹೋಗಿ, ಸ್ವಲ್ಪ ತಡವಾಗಿ, ಇನ್ಯಾರದೋ ಚಪ್ಪಲಿಯ ಸದ್ದಾಗಿ ವಾಪಸ್ಸು ಬರುತ್ತಿತ್ತು.

ರಘು ಬಹಳ ಹಿಂದೆ. ಅವನ ಬಿಳಿ ಪಂಚೆ ಮಾತ್ರ ಕಾಣುತ್ತಿತ್ತು.

ನಡುವಿಗೆ ಬಂದಾಗ ದೊಡ್ಡಮ್ಮ ನಿಂತರು. ಕಂಬಿಯ ಮೇಲೆ ಕೈ ಇಟ್ಟರು.

"ಇಲ್ಲೇ," ಎಂದರು.

"ಏನು ದೊಡ್ಡಮ್ಮ?"

"ಅವತ್ತ್ ಇಲ್ಲಿವರೆಗೆ ನನ್ ಸೀರೆ ಹಿಡ್ಕಂಡಿದ್ರ್. ಇಲ್ಲಿ ಬಿಟ್ರ್."

ಅವರು ಸೀರೆಯ ಸೆರಗನ್ನು ಕಂಬಿಯ ಮೇಲೆ ಒಂದು ಗಳಿಗೆ ಹಾಗೇ ಇಳಿಬಿಟ್ಟರು. ಯಾರಿಗಾದರೂ ಹಿಡಿದುಕೊಳ್ಳಲು ಕೊಡುವ ಹಾಗೆ. ಗಾಳಿ ಇರಲಿಲ್ಲ. ಸಮುದ್ರದ ಪಕ್ಕದ ಈ ಊರಿನಲ್ಲಿ ಅಷ್ಟು ಹೊತ್ತಿಗೆ ಗಾಳಿ ಬಂದೇ ಬರಬೇಕು. ಬರಲಿಲ್ಲ. ಆದರೂ ಆ ಸೆರಗು ಕೆಳಕ್ಕೆ ಜಗ್ಗಿದ ಹಾಗೆ ನೆಟ್ಟಗೆ ಬಿಗಿದಿತ್ತು. ಒದ್ದೆ ಬಟ್ಟೆ ಜೋತ ಹಾಗೆ.

"ಹೋಪ," ಎಂದರು ದೊಡ್ಡಮ್ಮ.

ಸೇತುವೆ ಮುಗಿಯಿತು. ಈಚೆ ದಡದ ಮೊದಲ ದೀಪದ ಕಂಬದ ಕೆಳಗೆ ದೊಡ್ಡಮ್ಮ ತಿರುಗಿ ನಿಂತರು. ಹಿರಿಯರು ನಿಲ್ಲುವ ಹಾಗೆಯೇ, ನೆಲಕ್ಕೆ ಕಾಲೂರಿ. ಕರೆಯಲೆಂದು ಬಾಯಿ ತೆರೆದರು. ರಘು ಎಡವಟ್ಟು ಮಾಡದಿದ್ದರೆ ಸಾಕು ದೇವರೇ.

ದೊಡ್ಡಮ್ಮನ ದನಿ ಹೊರಡುವ ಮೊದಲೇ ಸೇತುವೆಯ ಮೇಲಿಂದ ಕೆಮ್ಮು ಕೇಳಿಸಿತು.

ಒಣ ಕೆಮ್ಮು. ಆಮೇಲೆ ಮಾತು.

"ದಾಟಿದ್ಯಾ?"

ನನಗೆ ರಘುವಿನ ಮೇಲೆ ಸಿಟ್ಟು ಬಂತು. ಹೇಳಿಕೊಟ್ಟದ್ದೇನು, ಇವನು ಹೇಳುತ್ತಿರುವುದೇನು? ಉತ್ತರ ಕೊಡು ಎಂದರೆ ಪ್ರಶ್ನೆ ಕೇಳುತ್ತಾನಲ್ಲ. ಮುಗಿಯಿತು, ಗುಟ್ಟು ರಟ್ಟಾಯಿತು ಎಂದು ದೊಡ್ಡಮ್ಮನ ಕಡೆ ತಿರುಗಿದೆ.

ದೊಡ್ಡಮ್ಮ ತೆರೆದ ಬಾಯಿ ಮುಚ್ಚಿರಲಿಲ್ಲ. ಅವರ ಕಣ್ಣು ನನ್ನನ್ನಾಗಲಿ ರಘುವನ್ನಾಗಲಿ ನೋಡುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಅವರ ಹೆಗಲು ಇಳಿಯಿತು. ಹೊತ್ತ ಕೊಡವನ್ನು ಯಾರೋ ಇಳಿಸಿಕೊಂಡ ಹಾಗೆ.

"ದಾಟ್ದೆ," ಎಂದರು.

ಸಣ್ಣ ಹುಡುಗಿಯ ದನಿ. ಹಾಜರಿಗೆ ಉತ್ತರ ಕೊಡುವ ದನಿ. ಸೆರಗು ಹೊದ್ದುಕೊಂಡು, ಹಿಂದಿರುಗಿ ನೋಡದೆ, ನಮ್ಮ ಮನೆಯ ದಿಕ್ಕಿಗೆ ನಡೆದುಬಿಟ್ಟರು. ಯಾರನ್ನೂ ಕರೆಯಲಿಲ್ಲ.

ರಘು ಓಡುತ್ತ ಬಂದ. ಏದುಸಿರು. ನಾನು ಬೈಯುವ ಮೊದಲೇ ಅವನು ಕೇಳಿದ.

"ಯಾಕಕ್ಕಾ ಹಾಗೆ ಮಾಡ್ದೆ?"

"ನಾನೇನೋ ಮಾಡ್ದೆ?"

"ದೊಡ್ಡಮ್ಮ ಕರೀಲಿ ಅಂತ ನಾನು ಕಾಯ್ತಾ ಇದ್ದೀನಿ, ಅಷ್ಟರಲ್ಲಿ ಮುಂದಿನಿಂದ ನೀವೇ ದಾಟಿದ್ಯಾ ಅಂತ ಯಾರ ಹತ್ರ ಕೇಳಿಸಿದ್ರಿ? ಯಾರಿದ್ರು ನಿಮ್ಮ ಜೊತೆ?"

ಅವನಿಗೆ ಆ ದನಿ ಕೇಳಿಸಿದ್ದು ಮುಂದಿನಿಂದ. ನನಗೆ ಕೇಳಿಸಿದ್ದು ಹಿಂದಿನಿಂದ. ನಡುವೆ ಇದ್ದದ್ದು ಖಾಲಿ ಸೇತುವೆ.

ಇಬ್ಬರೂ ಹಿಂದಿರುಗಿ ನೋಡಿದೆವು. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಕೆಳಗೆ ಮೀನು ಹಿಡಿಯುವವರಿರಬಹುದು ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಇದ್ದರೂ ಅವರು ಕನ್ನಡದಲ್ಲಿ ಕೇಳುತ್ತಾರೆಯೇ? ಅದೂ ನಮ್ಮ ದೊಡ್ಡಮ್ಮನನ್ನು?

ನೀವು ಹೇಳುವುದೆಲ್ಲ ನನಗೂ ಗೊತ್ತು. ಯಾವುದೋ ಮನೆಯ ಟೀವಿಯ ಸದ್ದು. ಸೇತುವೆಯ ಕಮಾನಿನ ಪ್ರತಿಧ್ವನಿ. ಮದರಾಸಿನ ತುಂಬ ನಮ್ಮ ಕಡೆಯ ಹೋಟೆಲಿನವರಿದ್ದಾರೆ, ಅವರಲ್ಲಿ ಯಾರೋ ಒಬ್ಬರು ಕತ್ತಲಲ್ಲಿ ಸೈಕಲ್ಲಿನಲ್ಲಿ ಹೋಗಿರಬಹುದು. ಈ ಮೂರೂ ಕಾರಣಗಳನ್ನು ನಾನೇ ರಘುವಿಗೆ ಹೇಳಿದೆ. ಅವನು ತಲೆ ಆಡಿಸಿದ. ಮನೆ ತಲುಪುವವರೆಗೆ ನನ್ನ ಕೈ ಬಿಡಲಿಲ್ಲ. ನಲವತ್ತು ದಾಟಿದ ಗಂಡಸು.

ದೊಡ್ಡಮ್ಮ ಆಗಲೇ ಕೈಕಾಲು ತೊಳೆದು, ದೇವರ ಪೆಟ್ಟಿಗೆ ಬಿಚ್ಚಿ, ದೀಪ ಹಚ್ಚಿದ್ದರು. ಅಂದು ಹೊಟ್ಟೆ ತುಂಬ ಉಂಡರು. ಮರುದಿನದಿಂದ ನನ್ನ ಅಡುಗೆಮನೆ ಅವರದಾಯಿತು. ನನ್ನ ದೋಸೆ ಹಿಟ್ಟಿಗೆ ಹುಳಿ ಜಾಸ್ತಿಯಂತೆ, ಸುಧಾಳ ಜಡೆ ಬಾಲದ ಹಾಗಿದೆಯಂತೆ. ಸೇತುವೆಯ ಮಾತಿಲ್ಲ. ಸಂಜೆಯಾದರೆ ಚಡಪಡಿಕೆಯಿಲ್ಲ. ತಲೆ ಡಾಕ್ಟರಿಗೆ ತೋರಿಸಿ ಎಂದವರು ಬಂದು ಅವರ ಕೈಯ ಪತ್ರೊಡೆ ತಿಂದು ಹೋದರು.

ನಾನು ಕೇಳದೆ ಇರಲಾರದವಳು. ಕೇಳಿದೆ. "ಅವತ್ತು ಕೇಳಿದ್ದು ಯಾರು ದೊಡ್ಡಮ್ಮ?"

"ನನ್ ಹತ್ರ 'ದಾಟಿದ್ಯಾ' ಅಂತ ಕೇಂಬುಕೆ ಎಷ್ಟ್ ಜನ ಇದ್ರ್ ಹೆಣೆ?" ದೋಸೆ ಮಗುಚಿದರು. "ಮೊದ್ಲ್ ದಾಟಿದವ್ರ್ ಅಲ್ದಾ ಕರೆಯುದ್? ಅವ್ರ್ ಯಾವತ್ತೋ ದಾಟಿದ್ರ್. ಬಾಕಿ ಇದ್ದದ್ ನಾನ್."

ಊರಿಗೆ ಹೊರಟವರಿಗೆ ನಾವು ಹೇಳುತ್ತೇವಲ್ಲ, ಸೇರಿದ ಕೂಡಲೇ ಒಂದು ಕಾರ್ಡು ಹಾಕು ಅಂತ. ಅದೂ ಇದೇ ಅಲ್ಲವೇ? ಕಾರ್ಡು ಬರುವವರೆಗೆ ಹೋದವರ ಬಗ್ಗೆ ಚಿಂತೆ. ಇತ್ತ ಉಳಿದವರು ಎಲ್ಲಿದ್ದಾರೆ ಎಂದು ಕೇಳುವವರು ಯಾರು? ದೊಡ್ಡಮ್ಮನನ್ನು ಕೇಳುವವರೊಬ್ಬರು ಇದ್ದರು. ಪುಣ್ಯವಂತೆ. ಇಲ್ಲಿಗೇ ಅಂಕಣ ಮುಗಿಸಿ ಹಾಯಾಗಿ ಮಲಗಬಹುದಿತ್ತು.

ಆದರೆ ನಿನ್ನೆ ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿ ಕೇಳಿದರು.

"ಹೌದಾ, ಅವತ್ತ್ ನೀನ್ ಹೇಳ್ದ್ಯಾ?"

"ಏನನ್ನ?"

"ದಾಟಿದೆ ಅಂತ."

ನಾನು ನೆನಪು ಮಾಡಿಕೊಂಡೆ. ಅಂದು ದೊಡ್ಡಮ್ಮ ನನ್ನನ್ನು ಕರೆಯಲೇ ಇಲ್ಲ. ಕರೆಯುವ ಮೊದಲೇ ಆ ದನಿ ಬಂತು. ಅವರು ಉತ್ತರ ಕೊಟ್ಟು ಹೊರಟುಬಿಟ್ಟರು. "ಇಲ್ಲ," ಎಂದೆ.

"ಮಾಣಿ?"

"ಅವನೂ ಇಲ್ಲ."

ದೊಡ್ಡಮ್ಮ ಎದ್ದು ಬಂದು, ತೆಂಗಿನ ತುರಿ ಮೆತ್ತಿದ ಕೈಯಿಂದಲೇ ನನ್ನ ಕೆನ್ನೆ ಮುಟ್ಟಿ ನೋಡಿದರು. ಅವರ ಕೈ ನಡುಗುತ್ತಿತ್ತು. ಅಜ್ಜಿಯ ಕೈ ನಡುಗಿದ ಹಾಗೆ.

ನನ್ನ ಆಫೀಸು ನದಿಯ ಈಚೆಗೇ, ನುಂಗಂಬಾಕ್ಕಂನಲ್ಲಿ. ಆ ಸೇತುವೆಯ ಕೆಲಸ ನನಗೆ ದಿನಾ ಬೀಳುವುದಿಲ್ಲ. ರಘು ಅಡ್ಯಾರಿಗೆ ಹೋಗಬೇಕಾದರೆ ಸೈದಾಪೇಟೆ ಸುತ್ತಿ ಹೋಗುತ್ತಾನೆ. (ಅಲ್ಲೂ ಅದೇ ನದಿ ಕಣೋ ಎಂದರೆ, ಬೇರೆ ಸೇತುವೆ ಎನ್ನುತ್ತಾನೆ.) ಇತ್ತೀಚೆಗೆ ಸುಧಾ ಎಷ್ಟು ಕರೆದರೂ ನನಗೆ ಕೇಳುವುದಿಲ್ಲವಂತೆ. ಆಫೀಸಿನಲ್ಲಿ ಪಕ್ಕದ ಮೇಜಿನಾಕೆ ಮೊನ್ನೆ ನನ್ನ ಮುಖದೆದುರು ಕೈ ಆಡಿಸಿ, "ಎಂಗ ಇರುಕ್ಕೀಂಗ ಮೇಡಂ?" ಎಂದು ನಕ್ಕಳು. ಎಲ್ಲಿದ್ದೀರಿ ಮೇಡಂ ಅಂತ. ನಾನೂ ನಕ್ಕೆ.

ನಮ್ಮ ಮನೆಯ ಲೆಕ್ಕದಲ್ಲಿ ಅಂದು ನದಿ ದಾಟಿದವರು ದೊಡ್ಡಮ್ಮ ಒಬ್ಬರೇ. ಹಾಗಾದರೆ ಈ ಅಂಕಣವನ್ನು ನಾನು ಬರೆಯುತ್ತಿರುವುದು ಯಾವ ದಡದಲ್ಲಿ ಕೂತು?